ಎಷ್ಟು ಮೆಟ್ಟಿಲಿತ್ತು, ಸೈನಿಕ ಎಲ್ಲಿ ನಿಂತಿದ್ದ?

ಪುಟದ ಅಂಚು ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಅಲ್ಲಿಯತನಕ ಬಿಳಿ ಹಾಳೆಯ ಮೇಲೆ ಓರೆಕೋರೆಯಾಗಿ, ಒಂದರ ಮೇಲೊಂದು ಬಿದ್ದುಕೊಂಡಿದ್ದ ಚಿತ್ರಗಳೆಲ್ಲ ಈಗ ಶಿಸ್ತಾಗಿ ಸಾಲುಗಟ್ಟಿ ನಿಲ್ಲುತ್ತವೆ. ಪ್ಯಾಲೆಸ್ಟೀನಿ ಗೃಹಸ್ಥನೊಬ್ಬನನ್ನು ಮನೆಯಿಂದ ಹಿಡಿದೊಯ್ಯುತ್ತಾರೆ. ತಲೆಗೆ ಮುಸುಕು, ಕೈಗೆ ಕಟ್ಟು. ಕೂರಿಸುತ್ತಾರೆ, ನಿಲ್ಲಿಸುತ್ತಾರೆ, ಕಣ್ಣು ಮುಚ್ಚಲು ಬಿಡುವುದಿಲ್ಲ. ಮೊದಲ ಪುಟದಲ್ಲಿ ಬೆರಳೆಣಿಕೆಯಷ್ಟು ಚೌಕಟ್ಟುಗಳು. ಹಾಳೆ ಮಗುಚಿದರೆ ಇನ್ನೂ ಕೆಲವು, ಮತ್ತೆ ಮಗುಚಿದರೆ ಮತ್ತಷ್ಟು. ಪುಟದ ಅಳತೆ ಮಾತ್ರ ಅಷ್ಟೇ, ಆದ್ದರಿಂದ ಪ್ರತಿ ಚೌಕಟ್ಟೂ ಕುಗ್ಗುತ್ತ ಹೋಗುತ್ತದೆ. ಕೊನೆಗೆ ಒಂದೇ ಪುಟದಲ್ಲಿ ಇಪ್ಪತ್ತು ಪುಟಾಣಿ ಚೌಕಗಳು. ಒಂದೊಂದರಲ್ಲೂ ಅದೇ ಮನುಷ್ಯ, ಅದೇ ಮುಸುಕು, ಅದೇ ಗೋಡೆ. ನಿದ್ದೆಯಿಲ್ಲದೆ ಅವನಿಗೆ ಇಲ್ಲದ್ದೆಲ್ಲ ಕಾಣತೊಡಗುತ್ತದೆ, ಮನೆಯವರು ಸತ್ತಂತೆ ಭ್ರಮೆಯಾಗುತ್ತದೆ. ಓದುತ್ತ ಓದುತ್ತ ನನ್ನ ಉಸಿರೇ ಗಿಡ್ಡವಾಗಿಬಿಟ್ಟಿತು. ಕಡೆಗೆ ನ್ಯಾಯಾಧೀಶರು ಬಿಟ್ಟುಬಿಡಿ ಎನ್ನುತ್ತಾರೆ, ಅವನು ಹೊರಗೆ ಬರುತ್ತಾನೆ, ಚೌಕಟ್ಟು ತಟ್ಟನೆ ಅಗಲವಾಗುತ್ತದೆ, ಊರಿನ ಬೀದಿ ಕಾಣುತ್ತದೆ, ಅಲ್ಲಿ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತಾರೆ!

ಇದು ಕಾಮಿಕ್ಸ್. ಜೊತೆಗೆ ಇದು ವರದಿ. ಬದುಕಿರುವ ಮನುಷ್ಯ ಎದುರು ಕೂತು ಹೇಳಿದ್ದನ್ನು ಪತ್ರಕರ್ತ ಬರೆದುಕೊಂಡು ಬಂದು ಗೆರೆಗೆ ಇಳಿಸಿದ್ದು. 1987ರಲ್ಲಿ ಇಸ್ರೇಲಿನ ಲಾಂಡೌ ಆಯೋಗ ವಿಚಾರಣೆಯ ವೇಳೆ 'ಮಿತವಾದ ದೈಹಿಕ ಒತ್ತಡ' ಹಾಕಬಹುದೆಂದು ಒಪ್ಪಿಗೆ ಕೊಟ್ಟಿತ್ತು. 1999ರಲ್ಲಿ ಅದೇ ದೇಶದ ಸರ್ವೋಚ್ಚ ನ್ಯಾಯಾಲಯ ಅಂಥ ಹಲವು ವಿಧಾನಗಳನ್ನು ಕಾನೂನುಬಾಹಿರ ಎಂದಿತು. ಈ ಎರಡು ಇಸವಿಗಳನ್ನು ನಾನು ಹಿಂದೆಯೂ ಎಲ್ಲೋ ಓದಿದ್ದೆ, ಮರೆತಿದ್ದೆ. ಆದರೆ ಆ ಕಪ್ಪು ಅಂಚಿನ ಪುಟಗಳನ್ನು ನೋಡಿದ ಮೇಲೆ 'ಮಿತವಾದ' ಎಂಬುದರ ಅಳತೆ ಏನೆಂದು ಕಣ್ಣಿಗೇ ಗೊತ್ತಾಯಿತು. ಆ ಕೋಣೆಯೊಳಗೆ ಯಾವ ಕ್ಯಾಮೆರಾವೂ ಹೋಗುವಂತಿರಲಿಲ್ಲ. ಹೋಗಿದ್ದರೂ ಅದು ಒಂದು ಕ್ಷಣವನ್ನು ಹಿಡಿಯುತ್ತಿತ್ತೇ ಹೊರತು, ಕಾಲ ಹೇಗೆ ಮನುಷ್ಯನ ಮೇಲೆ ಕುಸಿಯುತ್ತದೆ ಎಂಬುದನ್ನಲ್ಲ. ಇಲ್ಲಿ ಚೌಕಟ್ಟಿನ ಅಳತೆಯೇ ಸಾಕ್ಷಿ ನುಡಿಯುತ್ತಿದೆ!

'ಚಂದಮಾಮ', 'ಅಮರ ಚಿತ್ರ ಕಥೆ' ಓದಿ ಬೆಳೆದ ನನ್ನಂಥವರಿಗೆ ಚಿತ್ರಕಥೆ ಎಂದರೆ ರಾಜಕುಮಾರ, ರಾಕ್ಷಸ, ಪುರಾಣಪುರುಷ. ಅದೇ ಚೌಕಟ್ಟು, ಅದೇ ಮಾತಿನ ಗುಳ್ಳೆ, ಅದೇ ಕಪ್ಪು ಮಸಿ ಹಿಡಿದುಕೊಂಡು ಯಾರೋ ಸೇನೆಯ ಬಂದೂಕಿನ ನೆರಳಲ್ಲಿ ಸಂಸಾರ ಮಾಡುವವರ ಮನೆ ಬಾಗಿಲು ತಟ್ಟಬಹುದು, ಚಹಾ ಕುಡಿಯುತ್ತ ಅವರ ಕಥೆ ಕೇಳಬಹುದು ಎಂಬುದು ನನ್ನ ಕಲ್ಪನೆಯಲ್ಲೇ ಇರಲಿಲ್ಲ. ಆ 'ಯಾರೋ' ಜೋ ಸ್ಯಾಕೊ. ಪುಸ್ತಕದ ಹೆಸರು 'ಪ್ಯಾಲೆಸ್ಟೈನ್'.

ಸ್ಯಾಕೊ ಹುಟ್ಟಿದ್ದು 1960ರಲ್ಲಿ, ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ಮಾಲ್ಟಾದಲ್ಲಿ. ಬಾಲ್ಯ ಆಸ್ಟ್ರೇಲಿಯಾದಲ್ಲಿ, ಆಮೇಲೆ ಅಮೆರಿಕ. 1981ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದಿಂದ ಪತ್ರಿಕೋದ್ಯಮದ ಪದವಿ. ಎರಡನೇ ಮಹಾಯುದ್ಧದಲ್ಲಿ ಇಟಲಿ ಮತ್ತು ಜರ್ಮನಿಯ ವಿಮಾನಗಳು ಮಾಲ್ಟಾದ ಮೇಲೆ ಬಾಂಬು ಸುರಿಯುತ್ತಿದ್ದಾಗ ಅವರ ತಾಯಿ ಅಲ್ಲೇ ಇದ್ದವರು. ಆ ನೆನಪುಗಳನ್ನು ಮಗ ಚಿತ್ರಕಥೆ ಮಾಡಿದ್ದಾರೆ. ಬಾಂಬು ಬಿದ್ದ ಊರಿನ ಒಳಗಿನಿಂದ ಕೇಳಿಬರುವ ಕಥೆ ಇವರಿಗೆ ಮನೆಯಲ್ಲೇ ಸಿಕ್ಕಿತ್ತು ಎಂಬ ಸಂಗತಿ ತಿಳಿದಾಗ ನನಗೆ ಎಷ್ಟೋ ವಿಷಯ ಒಮ್ಮೆಲೇ ಅರ್ಥವಾಯಿತು.

1991ರ ಕೊನೆಯ ಚಳಿಗಾಲ. 1967ರ ಯುದ್ಧದಿಂದ ಪಶ್ಚಿಮ ದಂಡೆ ಮತ್ತು ಗಾಜಾ ಇಸ್ರೇಲಿ ಸೇನೆಯ ಹಿಡಿತದಲ್ಲಿವೆ. 1987ರ ಡಿಸೆಂಬರ್‌ನಲ್ಲಿ ಗಾಜಾದಲ್ಲಿ ಸೇನೆಯ ಟ್ರಕ್ಕು ಗುದ್ದಿ ನಾಲ್ವರು ಪ್ಯಾಲೆಸ್ಟೀನಿಯರು ಸತ್ತ ಮೇಲೆ ಜಬಾಲಿಯಾ ನಿರಾಶ್ರಿತರ ಶಿಬಿರದಲ್ಲಿ ಹೊತ್ತಿಕೊಂಡ ಮೊದಲ ಇಂತಿಫಾದ ಎಂಬ ಜನದಂಗೆ ಇನ್ನೂ ಆರಿಲ್ಲ. ಆ ಹೊತ್ತಿಗೆ ಸ್ಯಾಕೊ ಅಲ್ಲಿಗೆ ಹೋಗಿ ಎರಡು ತಿಂಗಳು ತಿರುಗುತ್ತಾರೆ. ಯಾವ ದೊಡ್ಡ ಪತ್ರಿಕೆಯೂ ಕಳಿಸಿದ್ದಲ್ಲ. ಮರಳಿ ಬಂದು ಬರೆದ ಕಥನ 1993ರಿಂದ 1995ರವರೆಗೆ ಒಂಬತ್ತು ಸಂಚಿಕೆಗಳಾಗಿ ಹೊರಬಂತು. ಕೊಂಡವರು ತೀರಾ ಕಡಿಮೆ. 1996ರಲ್ಲಿ ಅಮೆರಿಕನ್ ಬುಕ್ ಅವಾರ್ಡ್ ಬಂತು. 2001ರಲ್ಲಿ ಒಂದೇ ಸಂಪುಟವಾಗಿ ಬಂದಾಗ ಮುನ್ನುಡಿ ಬರೆದದ್ದು ಎಡ್ವರ್ಡ್ ಸೈದ್. ಜೆರುಸಲೇಮಿನಲ್ಲಿ ಹುಟ್ಟಿ, ಕೈರೋದಲ್ಲಿ ಬೆಳೆದು, ಜಗತ್ತಿನ ದೊಡ್ಡ ವಿಮರ್ಶಕರಲ್ಲಿ ಒಬ್ಬರಾದವರು. ಬಾಲ್ಯದಲ್ಲಿ ಮನೆಯವರೂ ಮೇಷ್ಟರೂ ಬೇಡವೆಂದರೂ ಕಾಮಿಕ್ಸ್ ಓದಿದ ಖುಷಿಯನ್ನು ಅವರು ಆ ಮುನ್ನುಡಿಯಲ್ಲಿ ನೆನೆಯುತ್ತಾರೆ. ಜೀವನವಿಡೀ ಪ್ಯಾಲೆಸ್ಟೀನ್ ಕುರಿತು ಬರೆದ ಮನುಷ್ಯ ಚಿತ್ರಕಥೆಯ ಪುಸ್ತಕವೊಂದಕ್ಕೆ ಹೀಗೆ ಮನಸ್ಸು ತೆರೆದದ್ದು ಎಂಥ ಸೋಜಿಗ!

ಇನ್ನು ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ ಸಂಗತಿಗೆ ಬರುತ್ತೇನೆ. ಈ ಬರಹವನ್ನೆಲ್ಲ ಬರೆಯುತ್ತಿರುವುದು ಅದಕ್ಕಾಗಿಯೇ.

ಸ್ಯಾಕೊ ಸಂದರ್ಶನ ಮಾಡುವ ರೀತಿಯನ್ನು ನೋಡಿ. ಟೇಪ್ ರೆಕಾರ್ಡರ್ ಇರುತ್ತದೆ, ನೋಟ್ ಪುಸ್ತಕ ಇರುತ್ತದೆ, ನೆನಪಿಗೆಂದು ಫೋಟೊ ತೆಗೆದುಕೊಳ್ಳುತ್ತಾರೆ. ಇದೆಲ್ಲ ಯಾವ ವರದಿಗಾರನಾದರೂ ಮಾಡುವುದೇ. ಆದರೆ ಅವರು ಆ ಮನೆಯನ್ನು, ಆ ಬೀದಿಯನ್ನು ಮುಂದೆ ಚಿತ್ರವಾಗಿ ಬರೆಯಬೇಕಲ್ಲ! 'ಸೈನಿಕರು ಬಂದರು, ನನ್ನನ್ನು ಹೊಡೆದರು' ಎಂದು ಒಬ್ಬರು ಹೇಳಿದರೆ ಬರವಣಿಗೆಯ ಪತ್ರಕರ್ತನಿಗೆ ವಾಕ್ಯ ಸಿಕ್ಕಿತು, ಅವನು ಮುಂದೆ ಹೋಗಬಹುದು. ಚಿತ್ರ ಬರೆಯುವವನಿಗೆ ಅಷ್ಟು ಸಾಲದು. ಸೈನಿಕ ಎಲ್ಲಿ ನಿಂತಿದ್ದ? ಬಾಗಿಲು ಯಾವ ಕಡೆ ತೆರೆಯುತ್ತಿತ್ತು? ಎಷ್ಟು ಮೆಟ್ಟಿಲಿತ್ತು? ಕೋಣೆಯಲ್ಲಿ ಎಷ್ಟು ಜನ ಇದ್ದರು, ಅಮ್ಮ ಎಲ್ಲಿದ್ದರು, ಮುಳ್ಳುತಂತಿ ಇತ್ತೇ, ಅದರ ಎತ್ತರ ಎಷ್ಟು, ಅಂದು ಮಣ್ಣು ಒದ್ದೆಯಾಗಿತ್ತೇ? ಇಂಥ ಪ್ರಶ್ನೆಗಳನ್ನು ಅವರು ಕೇಳಲೇಬೇಕು, ಇಲ್ಲದಿದ್ದರೆ ಕೈ ಓಡುವುದಿಲ್ಲ. ಹೀಗೆ ಕೇಳುತ್ತ ಹೋದಾಗ ಏನಾಗುತ್ತದೆ ಎಂದು ಯೋಚಿಸಿ. ಹತ್ತಾರು ಸಲ ಹೇಳಿ ಹೇಳಿ ಸವೆದುಹೋದ ದುಃಖದ ಕಥೆಯೊಂದು ಮತ್ತೆ ನೆಲ, ಗೋಡೆ, ಬೆಳಕು, ದೂರ ಎಲ್ಲವನ್ನೂ ಪಡೆದುಕೊಳ್ಳುತ್ತದೆ. ಹೇಳುವವರು ಆ ಜಾಗಕ್ಕೆ ಮರಳಿ ಹೋಗುತ್ತಾರೆ. ಯಾವ ಆಯೋಗದ ಗುಮಾಸ್ತನೂ ಕೇಳದ ಪ್ರಶ್ನೆಗಳು ಬರೀ ಲೇಖನಿಯ ಅಗತ್ಯದಿಂದ ಹುಟ್ಟಿಕೊಳ್ಳುತ್ತವೆ!

ಅದರಿಂದಲೇ ಈ ಪುಸ್ತಕದಲ್ಲಿ ಆಕ್ರಮಿತ ನೆಲದ ದಿನನಿತ್ಯ ಅಷ್ಟು ದಟ್ಟವಾಗಿ ಬಂದಿದೆ. ಜಬಾಲಿಯಾದ ಕೆಸರನ್ನೇ ತೆಗೆದುಕೊಳ್ಳಿ. ಗಾಜಾದ ಎಂಟು ಶಿಬಿರಗಳಲ್ಲಿ ದೊಡ್ಡದಾಗಿತ್ತು ಅದು. ಶಿಬಿರ ಎಂದೊಡನೆ ಡೇರೆ ಕಣ್ಣ ಮುಂದೆ ಬರುತ್ತದೆ, ಆದರೆ 1948ರಲ್ಲಿ ಊರು ಬಿಟ್ಟು ಬಂದವರ ಡೇರೆಗಳು ಎಂದೋ ಇಟ್ಟಿಗೆಯ ಗೂಡುಗಳಾಗಿದ್ದವು, ತಗಡಿನ ಮಾಡಿನ ಮೇಲೆ ಗಾಳಿಗೆ ಹಾರದಂತೆ ಕಲ್ಲು ಹೇರಿದ್ದರು. ಎರಡು ಪುಟ ತುಂಬ ಒಂದೇ ಚಿತ್ರ, ಮೇಲಿನಿಂದ ಕಂಡಂತೆ: ಮಳೆ ನಿಂತ ಮೇಲಿನ ಬೀದಿ, ಬೀದಿಯ ತುಂಬ ನೀರು, ಕೆಸರಿನ ಅಂಚು ಹಿಡಿದು ನಡೆಯುವ ಜನ. ಒಂದೊಂದು ಹೊಂಡಕ್ಕೂ ಬೇರೆ ಬೇರೆ ಗೆರೆ. ನಾನು ಆ ಪುಟದ ಮೇಲೆ ಎಷ್ಟು ಹೊತ್ತು ಕೂತೆನೋ! ದಿನಪತ್ರಿಕೆಯಲ್ಲಿ 'ಮೂಲಸೌಕರ್ಯದ ಕೊರತೆ' ಎಂದು ಎರಡೇ ಪದಗಳಲ್ಲಿ ಮುಗಿದುಹೋಗುವ ಸಂಗತಿ ಇಲ್ಲಿ ಕಾಲಿಗೆ ಅಂಟಿಕೊಳ್ಳುತ್ತದೆ.

ಮತ್ತೆ ಚಹಾ! ಪುಟ ಪುಟಕ್ಕೂ ಚಹಾ. ಸಕ್ಕರೆ ಸುರಿದ ಚಹಾ ಕುಡಿಯದೆ ಸ್ಯಾಕೊ ಒಂದು ಮನೆಯಿಂದ ಹೊರಬೀಳುವಂತಿಲ್ಲ. ಮನೆಯಲ್ಲಿ ಸೀಮೆಎಣ್ಣೆ ಒಲೆ, ಗೋಡೆಯ ತೇವ, ಒಂದೇ ಕೋಣೆಯಲ್ಲಿ ಕಂಬಳಿ ಹೊದ್ದು ಕೂತ ಏಳೆಂಟು ಮಂದಿ, ಅವರಲ್ಲಿ ಜೈಲು ಕಂಡವರೇ ಹೆಚ್ಚು. 1988ರಲ್ಲಿ ನೆಗೆವ್ ಮರಳುಗಾಡಿನಲ್ಲಿ ತೆರೆದ ಕೆಟ್ಜಿಯೋಟ್ ಸೆರೆಮನೆಯನ್ನು ಅವರು 'ಅನ್ಸಾರ್ ಮೂರು' ಎನ್ನುತ್ತಿದ್ದರು. ಸಾವಿರಾರು ಜನರನ್ನು ಡೇರೆಗಳಲ್ಲಿ ಕೂಡಿಹಾಕಿದ ಜಾಗ. ಅಲ್ಲಿ ಕೈದಿಗಳೇ ಸಮಿತಿ ಮಾಡಿಕೊಂಡರು, ಕೆಲಸ ಹಂಚಿಕೊಂಡರು, ಓದಿದವರು ಓದದವರಿಗೆ ಪಾಠ ಹೇಳಿದರು. ಮರಳಿನ ಮಧ್ಯೆ ಶಾಲೆ ಎದ್ದಿತು! ಅದನ್ನು ಹೇಳುವಾಗ ಆ ಗಂಡಸರ ಮುಖ ಅರಳುವುದನ್ನೂ ಸ್ಯಾಕೊ ಬಿಟ್ಟಿಲ್ಲ.

ಆಲಿವ್ ಮರದ ಪ್ರಕರಣ ಮಾತ್ರ ನನ್ನ ಕೈ ನಡುಗಿಸಿತು. ಮರಗಳನ್ನು ಕಡಿಯಬೇಕೆಂದು ಸೇನೆಯ ಆಜ್ಞೆ. ಕಡಿಯಬೇಕಾದವನು ಮರದ ಒಡೆಯನೇ. ಸೈನಿಕರು ನಿಂತು ನೋಡುತ್ತಿದ್ದಾರೆ, ಅವನು ಅಳುತ್ತ ತನ್ನದೇ ಮರಗಳನ್ನು ಒಂದೊಂದಾಗಿ ಉರುಳಿಸುತ್ತಿದ್ದಾನೆ. ಆಲಿವ್ ಮರ ಫಲ ಕೊಡಲು ವರ್ಷಗಟ್ಟಲೆ ಹಿಡಿಯುತ್ತದೆ, ಆಮೇಲೆ ನೂರಾರು ವರ್ಷ ಬಾಳುತ್ತದೆ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುವ ಬೆಳೆ. ನಮ್ಮ ಹಳೇ ತೆಂಗಿನ ತೋಟವೊಂದನ್ನು ಅದನ್ನು ಬೆಳೆಸಿದವರ ಕೈಯಿಂದಲೇ ಕಡಿಸಿದರೆ ಹೇಗಿರುತ್ತದೋ ಹಾಗೆ. ಟೊಮೆಟೊ ಬೆಳೆದವರ ಕಥೆಯೂ ಇದೆ: ನೀರಿಗೆ ಅಡ್ಡಿ, ಸಾಗಿಸಲು ಪರವಾನಗಿ, ಗಡಿಯಲ್ಲಿ ಕಾಯುವಿಕೆ. ಬಂದೂಕಿನ ಸದ್ದಿಲ್ಲದ ಪುಟಗಳವು, ಅಲ್ಲಿ ಇರುವುದೆಲ್ಲ ಕಾಗದಪತ್ರವೇ. ಆದರೂ ಸೇನೆಯ ಆಳ್ವಿಕೆ ಎಂದರೇನು ಎಂಬುದು ನನಗೆ ಗುಂಡಿನ ದೃಶ್ಯಗಳಿಗಿಂತ ಈ ಟೊಮೆಟೊ ಪೆಟ್ಟಿಗೆಗಳಲ್ಲಿ ಹೆಚ್ಚು ತಿಳಿಯಿತು.

ಪುಸ್ತಕ ಮುಗಿಯುವ ಹೊತ್ತಿಗೆ ಮಳೆಯಲ್ಲಿ ಒಬ್ಬ ಹುಡುಗನನ್ನು ಸೈನಿಕರು ತಡೆದು ನಿಲ್ಲಿಸುತ್ತಾರೆ. ಅವರು ಸೂರಿನ ಕೆಳಗೆ, ಅವನು ಮಳೆಯಲ್ಲಿ. ತಲೆಯ ವಸ್ತ್ರ ತೆಗೆಯಲು ಹೇಳುತ್ತಾರೆ. ಪ್ರಶ್ನೆ ಕೇಳುತ್ತ ಕೇಳುತ್ತ ಅವನನ್ನು ನೆನೆಯಲು ಬಿಡುತ್ತಾರೆ. ಅಷ್ಟೇ. ಹೊಡೆತವಿಲ್ಲ, ಬೈಗುಳವೂ ಇಲ್ಲ. ಇದು ಯಾವ ಪತ್ರಿಕೆಯಲ್ಲಿ ಸುದ್ದಿಯಾದೀತು? ಆ ಹುಡುಗ ಈಗ ಏನು ಯೋಚಿಸುತ್ತಿರಬಹುದು, ದೊಡ್ಡವನಾದ ಮೇಲೆ ಏನಾದಾನು ಎಂಬ ಪ್ರಶ್ನೆಯನ್ನು ಸ್ಯಾಕೊ ಆ ಮಳೆಯಲ್ಲಿ ನಿಂತೇ ಕೇಳಿಕೊಳ್ಳುತ್ತಾರೆ.

ಪಕ್ಷಪಾತದ ಮಾತು ಬರುತ್ತದೆ, ಬರಲಿ. ಪುಸ್ತಕದಲ್ಲೇ ಇಬ್ಬರು ಇಸ್ರೇಲಿ ಹೆಣ್ಣುಮಕ್ಕಳು ಸ್ಯಾಕೊ ಅವರನ್ನು ನೇರವಾಗಿ ಕೇಳುತ್ತಾರೆ, ನಮ್ಮ ಕಡೆಯದನ್ನೂ ನೋಡಬೇಡವೇ ಎಂದು. ಆ ಪ್ರಶ್ನೆಯನ್ನು ಅವರು ಮುಚ್ಚಿಟ್ಟಿಲ್ಲ. ತಾನು ನೋಡಲು ಬಂದದ್ದು ಯಾರನ್ನು, ಯಾಕೆ ಎಂಬುದನ್ನೂ ಮುಚ್ಚಿಟ್ಟಿಲ್ಲ. ಪುಸ್ತಕದುದ್ದಕ್ಕೂ ತನ್ನನ್ನೂ ಬರೆದುಕೊಂಡಿದ್ದಾರೆ: ದಪ್ಪ ತುಟಿ, ದುಂಡು ಕನ್ನಡಕ, ಕನ್ನಡಕದ ಹಿಂದೆ ಕಣ್ಣೇ ಇಲ್ಲ, ಬರೀ ಬಿಳಿ. ಒಳ್ಳೆಯ ಕಥೆ ಸಿಗಲೆಂದು ಆಸೆಪಡುವ, ಗಲಾಟೆ ನೋಡಲು ಓಡುವ, ಮರುಕ್ಷಣ ಹೆದರಿ ಹಿಂದೆ ಸರಿಯುವ ಪತ್ರಕರ್ತ ಅವನು. ಓದುಗನಿಗೆ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಬೇಕೆ? ಯಾರ ಕಣ್ಣಿನಿಂದ ನೋಡುತ್ತಿದ್ದೇನೆ ಎಂಬುದು ನನಗೆ ಪ್ರತಿ ಪುಟದಲ್ಲೂ ಗೊತ್ತಿರುತ್ತದೆ.

'ಪ್ಯಾಲೆಸ್ಟೈನ್' ಮುಗಿಸಿ, ಇದೇ ಶಿಖರ ಎಂದುಕೊಂಡು 'ಫುಟ್‌ನೋಟ್ಸ್ ಇನ್ ಗಾಜಾ' ತೆರೆದೆ. ಅಬ್ಬಾ!

2009ರಲ್ಲಿ ಬಂದ, ನಾನೂರು ಪುಟಕ್ಕೂ ಮೀರಿದ ಈ ಪುಸ್ತಕ ಹೋಗುವುದು 1956ಕ್ಕೆ. ಆ ವರ್ಷ ಸುಯೆಜ್ ಬಿಕ್ಕಟ್ಟು. ಬ್ರಿಟನ್, ಫ್ರಾನ್ಸ್ ಜೊತೆ ಸೇರಿ ಇಸ್ರೇಲ್ ಅಕ್ಟೋಬರ್ 29ರಂದು ಈಜಿಪ್ಟಿನ ಮೇಲೆ ಯುದ್ಧ ಶುರುಮಾಡಿತು. 1948ರಿಂದ ಈಜಿಪ್ಟಿನ ಕೈಯಲ್ಲಿದ್ದ ಗಾಜಾ ಕೆಲವೇ ದಿನಗಳಲ್ಲಿ ಇಸ್ರೇಲಿ ಸೇನೆಯ ವಶವಾಯಿತು, 1957ರ ಮಾರ್ಚ್‌ವರೆಗೂ ಹಾಗೇ ಇತ್ತು. ಆ ನಡುವೆ ನವೆಂಬರ್ 3ರಂದು ಖಾನ್ ಯೂನಿಸ್‌ನಲ್ಲಿ, ನವೆಂಬರ್ 12ರಂದು ರಫಾದಲ್ಲಿ ಜನ ಗುಂಡಿಗೆ ಬಲಿಯಾದರು. ಪ್ಯಾಲೆಸ್ಟೀನಿ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಏಜೆನ್ಸಿಯ ನಿರ್ದೇಶಕರು ಅದೇ ವರ್ಷದ ಕೊನೆಗೆ ಕೊಟ್ಟ ವರದಿಯಲ್ಲಿ ಖಾನ್ ಯೂನಿಸ್‌ನಲ್ಲಿ 275, ರಫಾದಲ್ಲಿ 111 ಸಾವು ಎಂದಿದೆ. ಪ್ರತಿರೋಧ ಎದುರಾಯಿತು, ದೊಂಬಿ ಆಯಿತು ಎಂಬುದು ಇಸ್ರೇಲಿ ಅಧಿಕಾರಿಗಳ ವಾದ. ಪ್ರತಿರೋಧ ನಿಂತುಹೋಗಿತ್ತು, ನಿರಾಯುಧರನ್ನು ಕೊಂದರು ಎಂಬುದು ಅಲ್ಲಿದ್ದವರ ಮಾತು. ಇಷ್ಟು ಹೇಳಿ ಇತಿಹಾಸ ಮುಂದಕ್ಕೆ ಹೊರಟುಹೋಯಿತು.

2001ರಲ್ಲಿ ಸ್ಯಾಕೊ ಪತ್ರಕರ್ತ ಕ್ರಿಸ್ ಹೆಜಸ್ ಜೊತೆ 'ಹಾರ್ಪರ್ಸ್' ಪತ್ರಿಕೆಗಾಗಿ ಖಾನ್ ಯೂನಿಸ್‌ಗೆ ಹೋದಾಗ ಈ ಘಟನೆಯ ಬಗ್ಗೆಯೂ ವಿಚಾರಿಸಿದ್ದರು. ಅಚ್ಚಾಗುವಾಗ ಆ ಭಾಗವನ್ನೇ ಕತ್ತರಿಸಿ ತೆಗೆದರು. ಕತ್ತರಿಸಿ ಬಿಸಾಡಿದ ಆ ಒಂದು ತುಂಡನ್ನು ಎತ್ತಿಕೊಂಡು ಸ್ಯಾಕೊ 2002ರ ಕೊನೆಗೊಮ್ಮೆ, 2003ರಲ್ಲೊಮ್ಮೆ ಗಾಜಾಕ್ಕೆ ಹಿಂತಿರುಗಿದರು, ಮುದುಕ ಮುದುಕಿಯರನ್ನು ಹುಡುಕಿದರು, ಆಮೇಲೆ ವರ್ಷಗಟ್ಟಲೆ ಬರೆಯುವ ಮೇಜಿಗೆ ಅಂಟಿ ಕೂತರು!

ನೋಡಿ, ಇಲ್ಲಿ ಲೇಖನಿಯ ಪ್ರಶ್ನೆಗಳು ಎಂಥ ಕೆಲಸ ಮಾಡುತ್ತವೆ. ಅಂದಿನ ಕೊಲೆಗಳನ್ನು ತೋರಿಸುವ ಫೋಟೊ ಇಲ್ಲ. ಇರುವುದು ವಯಸ್ಸಾದವರ ನೆನಪು ಮಾತ್ರ. ವಿಶ್ವಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಫೋಟೊಗಳನ್ನು ನೋಡಿ ಸ್ಯಾಕೊ ಐವತ್ತರ ದಶಕದ ಶಿಬಿರವನ್ನು ಮತ್ತೆ ಕಟ್ಟುತ್ತಾರೆ: ಸಾಲು ಸಾಲು ತಗ್ಗು ಮನೆಗಳು, ನಡುವೆ ಬಯಲು ಮರಳು, ಆಗಿನ ಉಡುಪು. ಖಾನ್ ಯೂನಿಸ್‌ನ ನಡುಮಧ್ಯೆ 1387ರಲ್ಲಿ ಕಟ್ಟಿದ ಕೋಟೆಯ ಗೋಡೆಯೊಂದು ಸ್ಯಾಕೊ ಹೋದಾಗ ಇನ್ನೂ ನಿಂತಿತ್ತು. ವ್ಯಾಪಾರಿಗಳಿಗೆ, ಯಾತ್ರಿಕರಿಗೆ ತಂಗುದಾಣವೆಂದು ಎದ್ದದ್ದು ಅದು, ಊರಿನ ಹೆಸರೇ ಅದರಿಂದ ಬಂದದ್ದು. ಆ ಗೋಡೆಗೆ ಗಂಡಸರನ್ನು ಸಾಲಾಗಿ ನಿಲ್ಲಿಸಿದರು ಎನ್ನುತ್ತಾರೆ ಕಂಡವರು. ಒಂದು ಚೌಕಟ್ಟಿನಲ್ಲಿ 1956ರ ಗೋಡೆ, ಮುಂದಿನದರಲ್ಲಿ ಅದೇ ಗೋಡೆಯ ಪಕ್ಕ ಸ್ಯಾಕೊ ಕಂಡ ಕಾಲದ ಕಾರು, ಅಂಗಡಿ, ಶಾಲೆಗೆ ಹೋಗುವ ಮಕ್ಕಳು. ಎರಡು ಕಾಲಗಳ ನಡುವೆ ಇರುವುದು ಬೆರಳಿನಗಲದ ಬಿಳಿ ಜಾಗ ಅಷ್ಟೇ. ಸಿನಿಮಾಕ್ಕಾದರೆ ಸಾಮಾನ್ಯವಾಗಿ ಒಂದನ್ನು ಅಳಿಸಿಯೇ ಇನ್ನೊಂದನ್ನು ತೋರಿಸಬೇಕು. ಕಾಮಿಕ್ಸ್ ಪುಟದಲ್ಲಿ ಎರಡೂ ಒಟ್ಟಿಗೇ ಕಣ್ಣೆದುರು ಇರುತ್ತವೆ, ಯಾವುದೂ ಜಾಗ ಬಿಟ್ಟುಕೊಡುವುದಿಲ್ಲ!

ರಫಾದ ಅಧ್ಯಾಯವಂತೂ ಉಸಿರು ಬಿಗಿಹಿಡಿದೇ ಓದಬೇಕು. ಬೆಳಿಗ್ಗೆ ಧ್ವನಿವರ್ಧಕದಲ್ಲಿ ಕೂಗು, ಗಂಡಸರೆಲ್ಲ ಶಾಲೆಗೆ ಬರಬೇಕೆಂದು. ಓಡಬೇಕು, ಕೈ ಮೇಲೆತ್ತಿರಬೇಕು, ದಾರಿಯಲ್ಲಿ ಗುಂಡಿನ ಸದ್ದು. ಶಾಲೆಯ ಗೇಟಿನಲ್ಲಿ ದೊಣ್ಣೆ ಹಿಡಿದವರು, ನುಗ್ಗುವ ಪ್ರತಿಯೊಬ್ಬನ ತಲೆಗೂ ಏಟು, ಕಾಲಡಿಗೆ ಮುಳ್ಳುತಂತಿ. ಆಮೇಲೆ ತಲೆ ತಗ್ಗಿಸಿ ಗಂಟೆಗಟ್ಟಲೆ ಅಂಗಳದಲ್ಲಿ ಕೂರುವುದು. ಇದನ್ನು ಒಬ್ಬರು ಹೇಳುತ್ತಾರೆ, ಮತ್ತೊಬ್ಬರು ಹೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಪ್ರತಿ ಸಲವೂ ಹೇಳುವವರ ಮುಖ ನಮ್ಮೆದುರೇ ನೇರವಾಗಿ ಬರುತ್ತದೆ, ಸುಕ್ಕು ಸುಕ್ಕಾಗಿ, ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ. ಗೇಟಿನ ಏಟು ಎಲ್ಲರಿಗೂ ನೆನಪಿದೆ. ಸಾವಿರಾರು ತಲೆಗಳ ಅಂಗಳವನ್ನು ಸ್ಯಾಕೊ ಬರೆದಿರುವ ಪುಟದಲ್ಲಿ ಹಿಂದಿನ ಸಾಲಿನ ತಲೆಗೂ ಮುಂದಿನ ಸಾಲಿನ ತಲೆಯಷ್ಟೇ ನಿಷ್ಠೆಯಿಂದ ಗೆರೆ ಎಳೆದಿದ್ದಾರೆ. ಗುಂಪಿನಲ್ಲಿ ಯಾರನ್ನೂ ಬರೀ ಚುಕ್ಕೆ ಮಾಡಿ ಬಿಟ್ಟಿಲ್ಲ.

ಮತ್ತೆ, ನೆನಪು ಕೈಕೊಡುವ ಜಾಗಗಳು! ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳುತ್ತಾರೆ. ಒಬ್ಬ ಮುದುಕ ತನ್ನವರು ಸಾಯುವಾಗ ತಾನು ಅಲ್ಲೇ ಇದ್ದೆ ಎನ್ನುತ್ತಾನೆ, ಉಳಿದವರು ಅವನು ಅಲ್ಲಿರಲಿಲ್ಲ ಎನ್ನುತ್ತಾರೆ. ಇನ್ನೊಬ್ಬ ಬರಹಗಾರನಾಗಿದ್ದರೆ ಯಾವುದೋ ಒಂದನ್ನು ಆರಿಸಿ ಕಥೆಯನ್ನು ನಯ ಮಾಡುತ್ತಿದ್ದ. ಸ್ಯಾಕೊ ಎರಡನ್ನೂ ಬರೆಯುತ್ತಾರೆ, ಹೊಂದದ ಕಡೆಗೆ ಬೆರಳು ತೋರಿಸುತ್ತಾರೆ, ದುಃಖ ನೆನಪಿಗೆ ಏನು ಮಾಡಿತು ಎಂದು ನಮ್ಮೆದುರೇ ಯೋಚಿಸುತ್ತಾರೆ. ಪುಸ್ತಕದ ಕೊನೆಗೆ ವಿಶ್ವಸಂಸ್ಥೆಯ, ಇಸ್ರೇಲಿನ ದಾಖಲೆಗಳನ್ನೂ ಜೋಡಿಸಿದ್ದಾರೆ. ನಾನು ಅದನ್ನೂ ಓದಿದೆ, ಮತ್ತೆ ಹಿಂದಕ್ಕೆ ಹೋಗಿ ಚಿತ್ರಗಳನ್ನು ನೋಡಿದೆ. ಸಾಕ್ಷ್ಯವನ್ನು ತೂಗುವುದು ಹೇಗೆಂದು ಇಷ್ಟು ಬಿಚ್ಚಿ ತೋರಿಸಿದ ಪತ್ರಿಕಾ ಬರಹ ನನಗೆ ಬೇರೆ ಸಿಕ್ಕಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಸಮಾಧಾನವಿಲ್ಲ. ಸ್ಯಾಕೊ 1956 ಎಂದು ಬಾಗಿಲು ಬಾಗಿಲಿಗೆ ಹೋಗುತ್ತಿದ್ದಾಗ ಹೊರಗೆ ಬುಲ್ಡೋಜರುಗಳು ಗುಡುಗುತ್ತಿವೆ. ಈಜಿಪ್ಟ್ ಗಡಿಯಂಚಿನ ರಫಾದಲ್ಲಿ ಸಾಲು ಸಾಲಾಗಿ ಮನೆಗಳು ಉರುಳುತ್ತಿವೆ. ಸುರಂಗಗಳಿಗಾಗಿ, ಗುಂಡಿನ ದಾಳಿ ತಡೆಯಲಿಕ್ಕಾಗಿ ಎಂದು ಸೇನೆ ಹೇಳುತ್ತಿತ್ತು. 2000ದಿಂದ 2004ರ ನಡುವೆ ರಫಾದಲ್ಲಿ ಸುಮಾರು 16,000 ಜನ, ಅಂದರೆ ಊರಿನ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಮಂದಿ, ಮನೆ ಕಳೆದುಕೊಂಡರೆಂದು ಹ್ಯೂಮನ್ ರೈಟ್ಸ್ ವಾಚ್ ಲೆಕ್ಕ ಹಾಕಿತು. ಅಂಥ ಊರಿನ ಯುವಕರು ಸ್ಯಾಕೊ ಅವರನ್ನು ರೇಗಿಯೇ ಕೇಳುತ್ತಾರೆ: ಐವತ್ತಾರು ಯಾಕೆ? ಇವತ್ತಿನದು ಕಾಣುವುದಿಲ್ಲವೇ? ಅವರ ಸಿಟ್ಟಿಗೆ ಪುಸ್ತಕದಲ್ಲಿ ಪೂರ್ತಿ ಜಾಗವಿದೆ. ಮುದುಕರಿಗೂ ಕೆಲವೊಮ್ಮೆ ಐವತ್ತಾರು, ಅರವತ್ತೇಳು, ನಿನ್ನೆ ಎಲ್ಲ ಕಲೆಸಿಹೋಗುತ್ತದೆ. ಹಳೆಯದನ್ನು ನೆನೆಯಲೂ ಬಿಡುವು ಕೊಡದಷ್ಟು ಬೇಗ ಹೊಸ ಪೆಟ್ಟು ಬೀಳುವ ನೆಲ ಅದು. ಸೇನೆಯ ಹಿಡಿತದೊಳಗಿನ ಬದುಕಿನ ಬಗ್ಗೆ ಇದಕ್ಕಿಂತ ಭಾರವಾದ ಮಾತನ್ನು ನಾನು ಓದಿಲ್ಲ.

ಸ್ಯಾಕೊ ಹೊರಗಿನಿಂದ ಬಂದವರು. ಒಳಗಿನವರು ಗೆರೆ ಎಳೆದಿಲ್ಲವೇ? ಎಳೆದಿದ್ದಾರೆ, ಎಂಥ ಗೆರೆ! ಗಲಿಲೀ ಪ್ರಾಂತ್ಯದ ಹಳ್ಳಿಯಿಂದ 1948ರಲ್ಲಿ ಲೆಬನಾನಿನ ಶಿಬಿರಕ್ಕೆ ಹೋದ ಬಾಲಕ ನಾಜಿ ಅಲ್ ಅಲಿ ಮುಂದೆ ದೊಡ್ಡ ವ್ಯಂಗ್ಯಚಿತ್ರಕಾರರಾದರು. 1969ರಲ್ಲಿ ಅವರು ಹಂದಾಲ ಎಂಬ ಹತ್ತು ವರ್ಷದ ಹುಡುಗನನ್ನು ಬರೆದರು. ಬರಿಗಾಲು, ಹರಿದ ಬಟ್ಟೆ. ವರ್ಷಗಳು ಉರುಳಿದರೂ ಹುಡುಗನಿಗೆ ವಯಸ್ಸಾಗಲಿಲ್ಲ. ಕೆಲವು ವರ್ಷಗಳಲ್ಲೇ ಅವನು ನಮಗೆ ಬೆನ್ನು ತಿರುಗಿಸಿದ, ಕೈಗಳನ್ನು ಹಿಂದೆ ಕಟ್ಟಿಕೊಂಡ, ಮತ್ತೆ ತಿರುಗಲೇ ಇಲ್ಲ. 1987ರ ಜುಲೈಯಲ್ಲಿ ಲಂಡನ್ನಿನ ಬೀದಿಯಲ್ಲಿ ನಾಜಿ ಅವರಿಗೆ ಗುಂಡು ಬಿತ್ತು, ಆಗಸ್ಟ್‌ನಲ್ಲಿ ತೀರಿಕೊಂಡರು. ಹಂದಾಲ ಮಾತ್ರ ಗೋಡೆಗಳ ಮೇಲೆ, ಅಂಗಿಗಳ ಮೇಲೆ, ಕೀಗೊಂಚಲಿನಲ್ಲಿ ಇಂದಿಗೂ ಇದ್ದಾನೆ. ರಮಲ್ಲಾದ ಮೊಹಮ್ಮದ್ ಸಬಾನೆ 2013ರಲ್ಲಿ ಐದು ತಿಂಗಳು ಇಸ್ರೇಲಿ ಜೈಲಿನಲ್ಲಿದ್ದವರು, ಅಲ್ಲೂ ಚಿತ್ರ ಬರೆದವರು. ಆಮೇಲೆ ಅವರು ಮಾಡಿದ ಪುಸ್ತಕದಲ್ಲಿ ಲೇಖನಿಯ ಬದಲು ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು ಅಚ್ಚೊತ್ತಿದ್ದಾರೆ. ಕಪ್ಪಿನ ಒಳಗಿನಿಂದ ಬಿಳಿಯನ್ನು ಕೆತ್ತಿ ತೆಗೆದ ಪುಟಗಳು!

ಕೆನಡಾದ ಚಿತ್ರಕಥೆಗಾರ ಗೀ ದೆಲೀಲ್ ಬೇರೆಯೇ ಬಗೆ. ಹೆಂಡತಿ ವೈದ್ಯರ ನೆರವು ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದರಿಂದ 2008-09ರಲ್ಲಿ ಒಂದು ವರ್ಷ ಪೂರ್ವ ಜೆರುಸಲೇಮಿನಲ್ಲಿ ಸಂಸಾರ ಹೂಡಿದವರು. ಮಕ್ಕಳಿಗೆ ಆಟದ ಜಾಗ ಹುಡುಕುವುದು, ಚೆಕ್‌ಪೋಸ್ಟಿನ ಸಾಲು, ಪ್ರತ್ಯೇಕತೆಯ ಗೋಡೆಯ ರೇಖಾಚಿತ್ರ. ಗಾಜಾಕ್ಕೆ ಹೋಗಲು ಅವರಿಗೆ ಅನುಮತಿ ಸಿಗಲೇ ಇಲ್ಲ. ಆ ವರ್ಷದ ಬಗ್ಗೆ ಅವರು ಮಾಡಿದ ಪುಸ್ತಕಕ್ಕೆ 2012ರಲ್ಲಿ ಫ್ರಾನ್ಸಿನ ಅಂಗುಲೇಮ್ ಉತ್ಸವದ ಅತ್ಯುತ್ತಮ ಕೃತಿಯ ಪ್ರಶಸ್ತಿ ಬಂತು. ತಿಳಿಯಾದ ಓದು, ಆದರೆ ನನ್ನ ಮನಸ್ಸು ಸ್ಯಾಕೊ ಕಡೆಗೇ ಓಡುತ್ತದೆ.

ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸ್ಯಾಕೊ ನಮ್ಮ ದೇಶಕ್ಕೂ ಬಂದಿದ್ದಾರೆ! ಉತ್ತರ ಪ್ರದೇಶದ ಕುಶಿನಗರದಲ್ಲಿ ಮುಸಹರ್ ದಲಿತರ ಗುಡಿಸಲುಗಳಿಗೆ ಹೋಗಿ, ಇಲಿಬಿಲ ಅಗೆದು ಕಾಳು ಆಯುವವರ ಹಸಿವನ್ನು ಬರೆದಿದ್ದಾರೆ. ಅದು 2012ರ 'ಜರ್ನಲಿಸಂ' ಸಂಕಲನದಲ್ಲಿದೆ. 2013ರಲ್ಲಿ ಮುಜಫ್ಫರ್‌ನಗರದಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತು, ಸುಮಾರು ಐವತ್ತು ಸಾವಿರ ಮಂದಿ ಊರು ಬಿಟ್ಟ ಗಲಭೆಯ ಬಗ್ಗೆ ಇಡೀ ಪುಸ್ತಕವೇ ಇದೆ, 'ದಿ ಒನ್ಸ್ ಅಂಡ್ ಫ್ಯೂಚರ್ ರಾಯಟ್'. 2024ರಲ್ಲಿ ಫ್ರೆಂಚ್‌ನಲ್ಲಿ, 2025ರಲ್ಲಿ ಇಂಗ್ಲಿಷ್‌ನಲ್ಲಿ ಬಂತು. ಅಲ್ಲಿ ಪರದೇಶದ ಸೇನೆಯಿಲ್ಲ, ವಿಷಯ ಬೇರೆ. ಆದರೆ ಎರಡೂ ಕಡೆಯವರ ಎದುರು ಕೂತು, ಹೊಂದದ ಮಾತುಗಳನ್ನು ಹೊಂದದ ಹಾಗೇ ಬರೆದುಕೊಳ್ಳುವ ಆ ಕೈ ಗಾಜಾದಲ್ಲಿ ಪಳಗಿದ ಕೈ.

2023ರ ಅಕ್ಟೋಬರ್ ನಂತರ ಗಾಜಾ ಮತ್ತೆ ಹೊತ್ತಿ ಉರಿದಾಗ 'ಪ್ಯಾಲೆಸ್ಟೈನ್' ಪುಸ್ತಕಕ್ಕೆ ಬೇಡಿಕೆ ಏರಿ ಪ್ರಕಾಶಕರು ತರಾತುರಿಯಲ್ಲಿ ಮರುಮುದ್ರಿಸಿದರು. ಮೂವತ್ತು ವರ್ಷದ ಹಿಂದೆ ಕೇಳುವವರೇ ಇಲ್ಲದಿದ್ದ ಸಂಚಿಕೆಗಳು! ಸ್ಯಾಕೊ 2024ರ ಜನವರಿಯಿಂದ ಮತ್ತೆ ಗಾಜಾ ಕುರಿತು ಬಿಡಿ ಬಿಡಿ ಪುಟಗಳನ್ನು ಬರೆಯತೊಡಗಿದರು, ಈ ಸಲ ಅಲ್ಲಿಗೆ ಹೋಗಲಾಗದೆ, ದೂರದಿಂದ, ಕೋಪದಿಂದ. ಅವರು ಒಂದೊಂದೇ ಇಟ್ಟಿಗೆ ಎಣಿಸಿ ಬರೆದಿದ್ದ ಜಬಾಲಿಯಾದ, ಖಾನ್ ಯೂನಿಸ್‌ನ, ರಫಾದ ಬೀದಿಗಳು ಈ ಯುದ್ಧದಲ್ಲಿ ನೆಲಸಮವಾಗಿವೆ. ಆ ಎರಡು ಪುಸ್ತಕಗಳನ್ನು ಈಗ ತೆರೆಯುವವರು ದಯವಿಟ್ಟು ಕಥೆ ಹಿಡಿದು ಓಡಬೇಡಿ, ಒಂದೊಂದು ಪುಟದ ಹಿನ್ನೆಲೆಯನ್ನೂ ನಿಧಾನವಾಗಿ ನೋಡಿ: ಬಟ್ಟೆ ಒಣಗಿಸಿದ ಹಗ್ಗ, ಮಾಡಿನ ಮೇಲಿನ ಕಲ್ಲು, ಅಂಗಡಿಯ ಬಾಗಿಲು, ಆ ಓಣಿ ತಿರುಗುವ ಮೂಲೆ. ಆ ಓಣಿಯ ಅಗಲ ಎಷ್ಟಿತ್ತು ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಅಲ್ಲಿದೆ.